ದೊಡ್ಡಮನೆಯ ಕುರ್ಚಿ, ಅಪ್ಪನ ದಸ್ತಿ

ಬಸ್ಸಿನಲ್ಲಿ ಸೀಟು ಹಿಡಿಯುವುದರಲ್ಲಿ ನಮ್ಮಪ್ಪನದು ಪಳಗಿದ ಕೈ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುಗಿ ನಿಲ್ಲುವ ಮೊದಲೇ ಅದರ ಜೊತೆಜೊತೆಗೆ ಓಡಿ, ಕಿಟಕಿಯಿಂದ ಒಳಗಿನ ಸೀಟಿನ ಮೇಲೆ ದಸ್ತಿ ಒಗೆಯುತ್ತಿದ್ದ. ದಸ್ತಿ ಎಂದರೆ ನಮ್ಮ ಕಡೆ ಕರವಸ್ತ್ರ. ದಸ್ತಿ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡುವಂತಿಲ್ಲ. ಕೂತರೆ ಹುಬ್ಬಳ್ಳಿ ಮುಟ್ಟುವವರೆಗೂ ಜಗಳ. ಅವ್ವ ಮಾತ್ರ ಈ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಕೊನೆಗೆ ಹತ್ತುತ್ತಿದ್ದಳು. ಸೆರಗು ಸರಿಮಾಡಿಕೊಂಡು ಕಿಟಕಿ ಪಕ್ಕ ಕೂತು, ದಸ್ತಿಯನ್ನು ಮಡಚಿ ಅಪ್ಪನ ಕೈಗೆ ಕೊಡುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಈ ದಸ್ತಿಯ ವ್ಯವಹಾರವನ್ನು ಮಾತ್ರ ಕಂಡಿದ್ದೇನೆ.

ಅವ್ವ ತೀರಿಕೊಂಡಾಗ ನಾನು ಲಂಡನ್ನಿನ ಹೌನ್ಸ್ಲೋದ ಫ್ಲ್ಯಾಟಿನಲ್ಲಿ ಎಂಟು ತಿಂಗಳ ಬಸುರಿ. ತೊಂಬತ್ತರ ದಶಕದ ಕೊನೆಯ ಮಾತು ಇದು. ವಿಮಾನ ಹತ್ತುವ ಯೋಚನೆಯನ್ನೇ ಮಾಡಬೇಡ ಎಂದು ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಕಡ್ಡಿ ಮುರಿದಂತೆ ಹೇಳಿದರು. ಮನೆಯ ಮೇಲೆಯೇ ಇಳಿಯುತ್ತ ಏರುತ್ತ ಇದ್ದ ವಿಮಾನಗಳ ಸದ್ದು ಕೇಳಿಕೊಂಡು ಉಳಿದೆ. ಎಲ್ಲ ಸುಸೂತ್ರ ಆಯಿತು, ನೀನು ಆರಾಮ ಇರು ಎಂದು ಅಪ್ಪ ಫೋನಿನಲ್ಲಿ ಹೇಳಿ ಮುಗಿಸಿದ. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ ಮರುದಿನವೇ ಹೋದಳು ಎಂಬುದಷ್ಟೇ ನನಗೆ ತಿಳಿದದ್ದು. ಕೊನೆಗೆ ಏನು ಮಾತಾಡಿದಳು, ನನ್ನನ್ನು ನೆನೆದಳೋ ಇಲ್ಲವೋ, ಅದು ನನಗೆ ಬೇಕಾಗಿತ್ತು. ಮಗಳು ಹುಟ್ಟಿದ ಸಂತೋಷದಲ್ಲೂ ಆ ಒಂದು ಪ್ರಶ್ನೆ ಎದೆಯೊಳಗೆ ಕೂತೇ ಇತ್ತು.

ವರ್ಷದ ಕಾರ್ಯ ಮುಗಿಸಿಕೊಂಡು ಅಪ್ಪ ಲಂಡನ್ನಿಗೆ ಬಂದ. ಮೊಮ್ಮಗಳನ್ನು ಆಡಿಸಿದ, ನಾನು ಬಡಿದ ರೊಟ್ಟಿ ತಿಂದ, ಇಲ್ಲಿಯ ಹಾಲಿಗೆ ಹಾಲಿನ ವಾಸನೆಯೇ ಇಲ್ಲ ಎಂದು ತಕರಾರು ತೆಗೆದ. ಅವ್ವನ ಮಾತು ಬಂದರೆ ಮಾತ್ರ ಎದ್ದು ಬಾಲ್ಕನಿಗೆ ಹೋಗಿ ವಿಮಾನ ನೋಡುತ್ತ ನಿಲ್ಲುತ್ತಿದ್ದ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಮೂಕ ದನಗಳ ಜೊತೆ ಜೀವಮಾನ ಕಳೆದವನ ಬಾಯಿ ಬಿಡಿಸುವುದು ಹೇಗೆ? ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೆಚ್ಚಾಗಿ ಸಿಟ್ಟು.

ಒಂದು ಶನಿವಾರ ಗಂಡನಿಗೆ ಏರ್‌ಪೋರ್ಟಿನಲ್ಲಿ ಡ್ಯೂಟಿ. ಮನೆಯಲ್ಲಿ ಕೂತರೆ ಅಪ್ಪ ಮತ್ತೆ ಬಾಲ್ಕನಿ ಸೇರುತ್ತಾನೆ ಎಂದು, ಬಸ್ಸಿನಲ್ಲಿ ಸ್ವಲ್ಪ ದೂರವಿದ್ದ ಒಂದು ಹಳೆಯ ದೊಡ್ಡಮನೆ ತೋರಿಸಲು ಹೊರಡಿಸಿದೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಯಾರೋ ಶ್ರೀಮಂತರು ಕಟ್ಟಿಸಿದ್ದು; ಈಗ ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆ. ಮುಂದೆ ಕೆರೆ, ಸುತ್ತ ಹುಲ್ಲು, ಹುಲ್ಲಿನಲ್ಲಿ ಮೇಯುವ ದನ. ಅಪ್ಪ ಮನೆಯ ಕಂಬಗಳಿಗಿಂತ ದನಗಳನ್ನೇ ಹೆಚ್ಚು ಹೊತ್ತು ನೋಡಿದ.

ಮಗುವಿನ ತಳ್ಳುಗಾಡಿಯನ್ನು ಬಾಗಿಲಲ್ಲೇ ಬಿಡಿಸಿದರು. ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಒಳಗೆ ಹೋದೆ. ಗೋಡೆಯ ರೇಷ್ಮೆ ಬಿಸಿಲಿಗೆ ಮಾಸಬಾರದೆಂದು ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ಆ ಮಬ್ಬಿನಲ್ಲಿ ಒಂದು ಕೋಣೆ ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಚಾವಣಿಯ ಬಳ್ಳಿ ಹೂಗಳ ಗಾರೆ ಕೆಲಸ ನೋಡುತ್ತ ನಡೆದ. ಯಜಮಾನನಿಗೊಂದು ಮಲಗುವ ಕೋಣೆ, ಅಷ್ಟು ದೂರದಲ್ಲಿ ಹೆಂಡತಿಗೆ ಇನ್ನೊಂದು ಎಂದು ನಾನು ಟಿಕೆಟ್ಟಿನ ಜೊತೆ ಕೊಟ್ಟ ಹಾಳೆ ಓದಿ ಹೇಳಿದಾಗ ನಿಂತುಬಿಟ್ಟ. ಇಬ್ಬರಲ್ಲಿ ಒಬ್ಬರಿಗೆ ಆರಾಮ ತಪ್ಪಿದರೆ ಇನ್ನೊಬ್ಬರಿಗೆ ತಿಳಿಯುತ್ತಿದ್ದುದು ಹೇಗೆ ಎಂದು ಕೇಳಿದ. ಗಂಟೆ ಬಾರಿಸಿದರೆ ಆಳುಗಳು ಓಡಿ ಬರುತ್ತಿದ್ದರು ಎಂದೆ. ಆ ಉತ್ತರ ಅವನಿಗೆ ಹಿಡಿಸಲಿಲ್ಲ.

ಉದ್ದನೆಯ ಹಜಾರಕ್ಕೆ ಬರುವಷ್ಟರಲ್ಲಿ ಅವನ ಮೊಣಕಾಲು ನೋಯತೊಡಗಿತ್ತು. ಗೋಡೆಯುದ್ದಕ್ಕೂ ಬಂಗಾರದ ಬಣ್ಣದ ಕುರ್ಚಿಗಳಿದ್ದವು. ಒಂದೊಂದು ಕುರ್ಚಿಯ ಮೇಲೂ ಪೈನ್ ಮರದ ಒಣಗಿದ ಕಾಯಿ. ಅಪ್ಪ ಈ ಕಡೆಯಿಂದ ಆ ಕಡೆಯವರೆಗೆ ನೋಡಿ, ಒಂದೂ ಖಾಲಿ ಕಾಣದೆ ಗೋಡೆಯ ಹತ್ತಿರ ನಿಂತುಕೊಂಡ.

"ಎಲ್ಲಾ ಹಿಡದಾರ," ಎಂದ. "ದೊಡ್ಡ ಮಂದಿ ಬಂದೈತಿ ಕಾಣಸ್ತೈತಿ. ದಸ್ತಿ ಇರಲಿಲ್ಲೇನೋ, ಕಾಯಿ ಇಟ್ಟು ಹೋಗ್ಯಾರ."

ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕಿದ್ದು ಕಂಡು ಸೊಂಟದ ಮೇಲಿದ್ದ ಮಗಳೂ ನಕ್ಕಳು. ಬಾಗಿಲ ಬಳಿ ಸಾದಾ ಕುರ್ಚಿ ಹಾಕಿಕೊಂಡು ಕೋಣೆ ಕಾಯುತ್ತಿದ್ದ ಬಿಳಿಕೂದಲಿನ ಅಜ್ಜಿ ಏನಾಯಿತೆಂದು ಕೇಳಿದಳು. ನಾನು ಗದಗಿನ ಬಸ್ಸು, ಕಿಟಕಿ, ದಸ್ತಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆಗೆ ಬಹಳ ಖುಷಿಯಾಯಿತು. ಹಳೆಯ ಕುರ್ಚಿಗಳ ಮೇಲೆ ಯಾರೂ ಕೂಡಬಾರದೆಂದು ಹಾಗೆ ಇಟ್ಟಿದ್ದು, ಬೋರ್ಡು ಹಾಕಿದರೆ ಒರಟಾಗುತ್ತದೆ ಎಂದಳು. ಆಮೇಲೆ ಅಪ್ಪನ ಕಾಲು ನೋಡಿ, ತಾನೇ ಎದ್ದು, ತನ್ನ ಕುರ್ಚಿಯನ್ನು ಅವನ ಮುಂದೆ ತಂದಿಟ್ಟಳು. ಅಪ್ಪ ಬೇಡವೆಂದ. ಆಕೆ ಬಿಡಲಿಲ್ಲ. ಅವನು ಕುರ್ಚಿಯ ಅಂಚಿನಲ್ಲಿ ಕೂತು, ಜೇಬಿನಿಂದ ದಸ್ತಿ ತೆಗೆದು ಮುಖ ಒರೆಸಿಕೊಂಡ. ಒರೆಸಿದ ಮೇಲೂ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ನಾನು ಏನೂ ಕೇಳಿರಲಿಲ್ಲ. ಅವನಾಗಿಯೇ ಶುರುಮಾಡಿದ. ಆಸ್ಪತ್ರೆಗೆ ಹೋದ ದಿನ ಜೀಪು ಮಾಡೋಣವೆಂದರೆ ಅವ್ವ ಕೇಳಲಿಲ್ಲವಂತೆ, ಬಸ್ಸಿಗೇ ಹೋಗೋಣ ಎಂದಳಂತೆ. ಬಸ್ಸು ಕಿಕ್ಕಿರಿದಿತ್ತು. ಹೇಗೋ ದಸ್ತಿ ಒಗೆದು ಕಿಟಕಿ ಪಕ್ಕದ ಸೀಟು ಹಿಡಿದ. ಅವಳು ಎಂದಿನಂತೆ ನಿಧಾನವಾಗಿ ಹತ್ತಿ ಕೂತಳು. ದಸ್ತಿಯನ್ನು ಮಾತ್ರ ಅವತ್ತು ಹಿಂದಕ್ಕೆ ಕೊಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ಅಣ್ಣಿಗೇರಿ ದಾಟಿದ ಮೇಲೆ ಮಾತಾಡಿದಳು.

"ಏನಂದ್ಲು?" ಎಂದೆ.

"'ನನಗರೆ ದಸ್ತಿ ಒಗ್ಯಾಕ ನೀವದೀರಿ. ಅಲ್ಲೆ ಆ ಬಸರ ಹುಡುಗಿಗೆ ಸೀಟು ಯಾರ ಹಿಡೀತಾರ' ಅಂದ್ಲು. 'ಒಮ್ಮೆ ಹೋಗಿ ನೋಡಿ ಬರ್ರಿ' ಅಂದ್ಲು. ಆಮೇಲೆ ಆಸ್ಪತ್ರ್ಯಾಗ ಮಾತು ಆಗಲಿಲ್ಲ. ಅದಽ ಕಡೀ ಮಾತು."

ನಾನು ಮಗಳ ಕೂದಲಲ್ಲಿ ಮುಖವಿಟ್ಟು ಅತ್ತೆ. ಇಷ್ಟು ದಿನ ಎದೆಯಲ್ಲಿ ಕೂತಿದ್ದು ಅಷ್ಟು ಜನರೆದುರು, ಆ ರೇಷ್ಮೆ ಗೋಡೆಗಳ ನಡುವೆ ಹೊರಗೆ ಬಂತು. ಅಜ್ಜಿ ಕಿಟಕಿಯ ಕಡೆ ತಿರುಗಿ ನಿಂತಳು. ಅಪ್ಪ ನನ್ನ ಕಡೆ ದಸ್ತಿ ಚಾಚಿದ. ಸೀಟು ಸಿಗುತ್ತಿತ್ತು ಅಪ್ಪಾ, ಇಲ್ಲಿಯವರು ಎದ್ದು ಕೊಡುತ್ತಾರೆ ಎಂದು ಹೇಳಿದೆ. ನೆಲದಡಿಯ ಟ್ಯೂಬ್ ರೈಲಿನಲ್ಲಿ ಹೊಟ್ಟೆ ಹೊತ್ತು ನಿಂತ ದಿನಗಳೂ ಇದ್ದವು, ಅದನ್ನು ಹೇಳಲಿಲ್ಲ. ಅವನು ಹೂಂ ಎಂದ. ನಂಬಿದಂತೆ ಕಾಣಲಿಲ್ಲ.

ಉಳಿದ ಕೋಣೆಗಳನ್ನು ನಾವು ನೋಡಲಿಲ್ಲ. ಕೆರೆಯ ದಂಡೆಯಲ್ಲಿ ಕೂತು ಚಪಾತಿ ಸುರುಳಿ ತಿಂದು ಬಸ್ ಸ್ಟಾಪಿಗೆ ಬಂದೆವು. ಬಂದ ದಿನದಿಂದ ಅಪ್ಪ ಎಲ್ಲಿಗೆ ಹೋದರೂ ನನ್ನ ಬೆನ್ನ ಹಿಂದೆಯೇ ನಿಲ್ಲುತ್ತಿದ್ದ. ಬಾಗಿಲು ಎಲ್ಲಿ ತೆರೆಯುತ್ತದೆ, ಡ್ರೈವರಿಗೆ ಏನು ಹೇಳಬೇಕು, ಅವನಿಗೆ ತಿಳಿಯುತ್ತಿರಲಿಲ್ಲ. ಅವತ್ತು ಬಸ್ಸು ಕಂಡದ್ದೇ ತಡ, ಮೊಣಕಾಲು ನೋವು ಎಲ್ಲಿ ಹೋಯಿತೋ, ನನ್ನನ್ನು ಸರಿಸಿ ಮುಂದೆ ನುಗ್ಗಿದ. ನಾನು ತಳ್ಳುಗಾಡಿ ಮಡಚಿ, ಮಗಳನ್ನು ಎತ್ತಿಕೊಂಡು, ಡ್ರೈವರಿಗೆ ಸಾರಿ ಹೇಳಿ, ಇಬ್ಬರ ಟಿಕೆಟ್ ತೆಗೆದುಕೊಂಡು ಒಳಗೆ ನೋಡಿದೆ.

ಬಸ್ಸಿನಲ್ಲಿ ಇದ್ದವರು ಮೂವರೋ ನಾಲ್ವರೋ. ಉಳಿದದ್ದೆಲ್ಲ ಖಾಲಿ. ನಡುವಿನ ಒಂದು ಕಿಟಕಿ ಸೀಟಿನ ಮೇಲೆ ನನ್ನ ಕಣ್ಣೀರಿನಿಂದ ಇನ್ನೂ ಒದ್ದೆಯಾಗಿದ್ದ ದಸ್ತಿ ಬಿದ್ದಿತ್ತು. ಅಪ್ಪ ಅದರ ಪಕ್ಕದಲ್ಲಿ ಕಂಬ ಹಿಡಿದು ಕಾವಲು ನಿಂತಿದ್ದ.

"ಲಗೂನ ಬಾರವ್ವಾ," ಎಂದ. "ಯಾರರೆ ಬಂದು ಕೂತಗೀತಾರು."

ನಾನು ಲಗುಬಗೆಯಿಂದ ಹೋಗಿ ಕೂತೆ. ದಸ್ತಿಯನ್ನು ಮಡಚಿ ಅವನ ಕೈಗೆ ಕೊಟ್ಟೆ.