ಬಾಯಾರ ಬಟ್ಟಲು ಬಿಸ್ಕೀಟು

ನಾನು ಚಿಕ್ಕವಳಿದ್ದಾಗ ಸವಣೂರಿನಲ್ಲಿ ನಮ್ಮ ಓಣಿಯ ತುದಿಗೆ ಒಂದು ಸಣ್ಣ ದವಾಖಾನೆ ಇತ್ತು. ಅಲ್ಲಿದ್ದ ನರ್ಸು ನಾರ್ವೆ ದೇಶದವರು. ಊರಿಗೆಲ್ಲ ಅವರು 'ಬಾಯಾರು'. ನನ್ನ ತಮ್ಮ ಹುಟ್ಟುವಾಗ ಅವ್ವನ ಜೀವ ಹೋಗಿ ಬಂದಿತ್ತು. ಹಗಲು ರಾತ್ರಿ ಪಕ್ಕದಲ್ಲೇ ಕುಳಿತು ಅವಳನ್ನು ಉಳಿಸಿಕೊಟ್ಟವರು ಬಾಯಾರು. ಅಂದಿನಿಂದ ನಮ್ಮ ಎಮ್ಮೆಯ ಬೆಣ್ಣೆಯಲ್ಲಿ ಒಂದು ಮುದ್ದೆ ತಪ್ಪದೆ ಅವರಿಗೆ ಹೋಗುತ್ತಿತ್ತು.

ಆಗ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಬಾಯಾರ ಮನೆಯಿಂದ ಸುದ್ದಿ ಬರುವುದೇ ನಿಂತಿತ್ತು. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ನಾನು ಬೆಣ್ಣೆ ಒಯ್ದಾಗ ಅವರು ಪುಟ್ಟ ಪುಟ್ಟ ತಗಡಿನ ಬಟ್ಟಲುಗಳನ್ನು ಒರೆಸುತ್ತಿದ್ದರು. ಅಂಚೆಲ್ಲ ಹೂವಿನ ಎಸಳಿನ ಹಾಗೆ ಮಡಿಕೆ ಮಡಿಕೆ. ಅವರ ತಾಯಿ ಕ್ರಿಸ್‌ಮಸ್ ಹಬ್ಬಕ್ಕೆ ಬಾದಾಮಿ ಬಿಸ್ಕೀಟಿನ ಹಿಟ್ಟನ್ನು ಅದರಲ್ಲೇ ಒತ್ತಿ ಬೇಯಿಸುತ್ತಿದ್ದರಂತೆ.

"ಈ ವರ್ಷ ಹಬ್ಬ ಇಲ್ಲ ಬಿಡು. ಪ್ಯಾಟ್ಯಾಗ ಬಾದಾಮಿನ ಇಲ್ಲ" ಎಂದು ಬಟ್ಟಲುಗಳನ್ನು ಡಬ್ಬಿಗೆ ಹಾಕಿದರು. ನಾನು ಮನೆಗೆ ಓಡಿದೆ.

ಅಕ್ಕನಿಗೆ ಹೇಳಿದೆ. ಅವಳು ಸುಮ್ಮನೆ ಕೂರುವ ಪೈಕಿಯಲ್ಲ. "ಹುಚ್ಚಿ! ಅವರ ಅಂಗಳದಾಗ ಬಾದಾಮಿ ಗಿಡಾನ ನಿಂತೈತಲ್ಲ!" ಎಂದಳು.

ಅದು ಅಂಗಡಿಯ ಬಾದಾಮಿಯಲ್ಲ ಮಕ್ಕಳೇ, ದೊಡ್ಡ ಎಲೆಯ ನಾಡಬಾದಾಮಿ. ಬಾವಲಿಗಳು ಹಣ್ಣು ತಿಂದು ಗೊರಟ ಬೀಳಿಸುತ್ತಿದ್ದವು. ಆ ಗೊರಟವೋ, ಕಲ್ಲಿಗೇ ಸವಾಲು! ಜಜ್ಜಿ ಜಜ್ಜಿ ಒಡೆದರೆ ಒಳಗೆ ಸಣ್ಣದೊಂದು ತಿರುಳು. ನನ್ನ ಹೆಬ್ಬೆರಳೂ ಜಜ್ಜಿಹೋಯಿತು. ಒಂದಾದರೂ ಬಾಯಿಗೆ ಹಾಕೋಣವೆಂದರೆ ಅಕ್ಕ ಕಣ್ಣು ಕೆಕ್ಕರಿಸುತ್ತಿದ್ದಳು. ಹಬ್ಬದ ಹಿಂದಿನ ದಿನದ ಹೊತ್ತಿಗೆ ಗಿಡದ ಕೆಳಗೆ ಒಂದೂ ಗೊರಟ ಉಳಿದಿರಲಿಲ್ಲ, ಸಿಕ್ಕಿದ್ದು ಒಂದು ಬಟ್ಟಲು ತಿರುಳು. ಅದನ್ನು ಬಾಯಾರ ಕೈಗೆ ಕೊಟ್ಟೆವು.

ನಮ್ಮೂರಲ್ಲಿ ಹಿಟ್ಟು, ಸಕ್ಕರೆ, ತುಪ್ಪ ಒಯ್ದುಕೊಟ್ಟರೆ ಭಟ್ಟಿಯ ಚಾಚಾ ನಾನಖಟಾಯಿ ಬಿಸ್ಕೀಟು ಸುಟ್ಟುಕೊಡುತ್ತಿದ್ದರು. ಬಾಯಾರಿಗೆ ಅಂದು ಹೆರಿಗೆಯ ಕೆಲಸ. ಹಿಟ್ಟು, ಸಕ್ಕರೆ, ಬೆಣ್ಣೆ, ಕುಟ್ಟಿದ ಬಾದಾಮಿ, ಬಟ್ಟಲುಗಳನ್ನು ನಮ್ಮ ಕೈಗಿತ್ತರು. "ತತ್ತಿ ಹಾಕೂದು ಬ್ಯಾಡ. ನೀವೂ ತಿನ್ನಬೇಕಲ್ಲ" ಎಂದು ನಕ್ಕರು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುತ್ತಿರಲಿಲ್ಲ.

ಚಾಚಾ ಹಿಟ್ಟು ನಾದಿದರು. ನಾದುತ್ತಲೇ, ರೂಢಿಯಂತೆ, ಕುಟ್ಟಿಟ್ಟಿದ್ದ ಯಾಲಕ್ಕಿಯನ್ನು ಹಿಡಿ ತುಂಬ ಸುರಿದೇಬಿಟ್ಟರು!

"ಏನ್ ಮಾಡಿದ್ರಿ ಚಾಚಾ! ಬಾಯಾರು ಯಾಲಕ್ಕಿ ಹೇಳಿರ್ಲಿಲ್ರಿ!" ಅಕ್ಕ ಚೀರಿದಳು.

"ಯಾಲಕ್ಕಿ ಇಲ್ಲದ ನಾನಖಟಾಯಿ ಎಲ್ಲೆರ ಅದಾವೇನ್ ಬೇಟಿ?" ಎಂದ ಚಾಚಾನ ಮುಖವೂ ಸಣ್ಣದಾಯಿತು.

ಮತ್ತೊಮ್ಮೆ ಮಾಡಲು ಬಾದಾಮಿ ಎಲ್ಲಿಂದ ತರುವುದು? ಅಕ್ಕ ಮೂಗು ಒರೆಸಿಕೊಳ್ಳುತ್ತ ಹಿಟ್ಟನ್ನು ಬಟ್ಟಲಿಗೆ ತೆಳ್ಳಗೆ ಒತ್ತಿದಳು. ಬೆಂದ ಬೆಣ್ಣೆಯ ಘಮ ಓಣಿಯೆಲ್ಲ ಹಬ್ಬಿತು. ನನಗೆ ಮಾತ್ರ ಅಳು ಬರುತ್ತಿತ್ತು. ಬಾಯಾರ ತಾಯಿಯ ಕೈರುಚಿಯನ್ನೇ ಕೆಡಿಸಿದೆವಲ್ಲ!

ದವಾಖಾನೆಗೆ ಒಯ್ದುಕೊಟ್ಟಾಗ ಬಾಯಾರು ಒಂದು ಬಿಸ್ಕೀಟು ಮುರಿದರು, ಮೂಸಿದರು. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಯಾಲಕ್ಕಿ ಹಾಕಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ, ಚಾಚಾ ತಪ್ಪಿ ಹಾಕಿದ್ರು. ಸಿಟ್ಟಾಗಬ್ಯಾಡ್ರಿ" ಎಂದಳು ಅಕ್ಕ.

ಬಾಯಾರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನಮ್ಮ ಅವ್ವನೂ ಹಾಕ್ತಿದ್ದಳು. ನಮ್ಮೂರಾಗ ಯಾಲಕ್ಕಿ ಅಂದ್ರ ಬಂಗಾರ. ಬಾದಾಮಿಗೇ ಇಷ್ಟು ಕಷ್ಟಪಟ್ರಿ, ಇದನ್ನ ಬ್ಯಾರೆ ಹೆಂಗ ಕೇಳ್ಲಿ ಅಂತ ಸುಮ್ಮನಾದೆ."

ಹಾವೇರಿ ಪೇಟೆಯಲ್ಲಿ ಚೀಲಗಟ್ಟಲೆ ಯಾಲಕ್ಕಿ ನೋಡಿದ್ದೆ. ಅದು ಹಡಗು ಹತ್ತಿ ಯಾರದೋ ತಾಯಿಯ ಹಬ್ಬದ ಅಡುಗೆಗೂ ಹೋಗುತ್ತದೆಂದು ನನಗೆ ಅಂದೇ ಗೊತ್ತಾಗಿದ್ದು. ಎಲ್ಲರೂ ಮೆಟ್ಟಿಲ ಮೇಲೆಯೇ ಕುಳಿತು ತಿಂದೆವು. ಚಾಚಾನಿಗೆ ಒಂದು ತಟ್ಟೆ ತುಂಬ ಬಾಯಾರೇ ಒಯ್ದುಕೊಟ್ಟರು.

ಈಗ ನಿಮ್ಮ ಅಡುಗೆಮನೆಯಲ್ಲೇ ಭಟ್ಟಿ ಇದೆ, ಗುಂಡಿ ಒತ್ತಿದರೆ ಸಾಕು. ಬಾದಾಮಿ ಸುಲಿದೇ ಡಬ್ಬಿಯಲ್ಲಿ ಬರುತ್ತದೆ, ಹೆಬ್ಬೆರಳು ಜಜ್ಜಿಕೊಳ್ಳಬೇಕಿಲ್ಲ. ಬಹಳ ಒಳ್ಳೆಯದು. ಈ ಸಲ ರಜೆಗೆ ನಾನು ನಿಮ್ಮ ಮನೆಗೆ ಬಂದಾಗ ನಾವೂ ಬಟ್ಟಲು ಬಿಸ್ಕೀಟು ಮಾಡೋಣ, ನಿಮ್ಮ ಓಣಿಗೆ ಹೊಸದಾಗಿ ಬಂದವರ ಮನೆಗೂ ಕೊಡೋಣ. ಅವರಿಗೆ ಏನು ಇಷ್ಟವೋ ಕೇಳಿ ಮಾಡಿ. ಯಾಲಕ್ಕಿಯನ್ನು ಮಾತ್ರ ಕೇಳದೆಯೇ ಹಾಕಿಬಿಡಿ.