ಸೋಪಿನ ಡಬ್ಬಿಯ ಹಿಂದೆ ಒರಳುಕಲ್ಲು

ನನ್ನ ಕಾರಿನ ಬಗ್ಗೆ ಕೆಟ್ಟದಾಗಿ ಮಾತಾಡುವ ಹಕ್ಕು ನನ್ನ ಅಕ್ಕ ಒಬ್ಬಳಿಗೇ ಇದೆ. ಅದನ್ನವಳು ಧಾರಾಳವಾಗಿ ಬಳಸುತ್ತಾಳೆ. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ನೆಲದಿಂದ ಗೇಣೆತ್ತರ, ಕಡು ಹಸಿರು ಬಣ್ಣ. ನನಗಿಂತ ಎರಡು ವರ್ಷ ಹಿರಿಯದಾದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಗುಜರಿಗೆ ಹೋಗಲಿದ್ದದ್ದನ್ನು ತಂದು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನನ್ನ ಲೇತ್ ಶೆಡ್ಡಿನ ಮೂಲೆಯಲ್ಲಿ ನಾನೇ ಬಿಚ್ಚಿ, ನಾನೇ ಜೋಡಿಸಿದ್ದೇನೆ. ಹೆಂಗಸು ಲೇತ್ ನಡೆಸುತ್ತಾಳೆ ಎಂದು ಮೂಗಿನ ಮೇಲೆ ಬೆರಳಿಟ್ಟವರೆಲ್ಲ ಈ ಕಾರು ನೋಡಿದ ಮೇಲೆ ಬೆರಳು ತೆಗೆದರು. ಅಕ್ಕ ಮಾತ್ರ ಅದನ್ನು ಸೋಪಿನ ಡಬ್ಬಿ ಅನ್ನುತ್ತಾಳೆ.

"ಇಬ್ಬರು ಕೂತ್ರೆ ಒಂದು ಕಟ್ಟು ಕೊತ್ತಂಬರಿಗೂ ಜಾಗ ಇಲ್ಲ. ಇದೂ ಒಂದು ಕಾರೇನೇ?" ಎನ್ನುವುದು ಅವಳ ಹಳೇ ರಾಗ.

ಆ ರಾಗ ನಿಲ್ಲಿಸಲೆಂದೇ ನಾನು ಟ್ರೇಲರ್ ಮಾಡಿದೆ. ಐದಡಿ ಉದ್ದ, ನಾಲ್ಕಡಿ ಅಗಲ, ನಡುವೆ ಒಂದೇ ಅಚ್ಚು, ಎರಡು ಚಕ್ರ. ಕಾರಿನ ಹಿಂದೆ ಅದನ್ನು ಸಿಕ್ಕಿಸುವ ಉಕ್ಕಿನ ಗುಂಡನ್ನು ನನ್ನ ಲೇತಿನಲ್ಲೇ ಕಡೆದೆ. ಆರ್‌ಟಿಒ ಕಚೇರಿಗೆ ಅಲೆದು ಅದಕ್ಕೂ ನಂಬರ್ ಮಾಡಿಸಿದೆ. ಡಾಕ್ಟರ್ ರಾಜ್‌ಕುಮಾರ್ ರಸ್ತೆಯಲ್ಲಿ ಮೊದಲ ಸಲ ಎಳೆದುಕೊಂಡು ಹೋದಾಗ ಟ್ರಾಫಿಕ್ ಪೊಲೀಸು ನಿಲ್ಲಿಸಿದ. ಕಾಗದ ಕೇಳಲಿಲ್ಲ, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡ. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಅದೇ ಹೊತ್ತಿಗೆ ಅಕ್ಕ ಗೋವಿಂದರಾಜನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಉಪನಗರದ ಸ್ವಂತ ಮನೆಗೆ ಹೊರಟಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯಾದಾಗಿನಿಂದ ಅವಳೂ ಭಾವನೂ ಮೂರು ಬಾಡಿಗೆ ಮನೆ ಕಂಡಿದ್ದಾರೆ, ಮೂರೂ ಮಹಡಿಯ ಮೇಲೆ. ಅವಳ ಜೊತೆ ಎಲ್ಲ ಮನೆಗೂ ಹೋದದ್ದು ನಮ್ಮಮ್ಮನ ಒರಳುಕಲ್ಲು. ಭಾನುವಾರದ ಚಟ್ನಿಯನ್ನು ಅವಳು ಇವತ್ತಿಗೂ ಅದರಲ್ಲೇ ರುಬ್ಬುತ್ತಾಳೆ. ರುಬ್ಬುವ ಸದ್ದಿಗೆ ಕೆಳಗಿನ ಮನೆಯವರು ದೂರುತ್ತಾರೆಂದು ಕೆಳಗೆ ಗೋಣಿಚೀಲ ಹಾಸಿಕೊಳ್ಳುತ್ತಿದ್ದಳು.

"ಬಾಡಿಗೆ ಮನೆಗಳಿಗೆಲ್ಲ ಇದು ಕೊನೆಗೆ ಹೋಯ್ತು, ಓನರ್ ಮುಖ ಸಿಂಡರಿಸ್ತಾರೆ ಅಂತ ಕದ್ದುಮುಚ್ಚಿ," ಎಂದಳು ಅಕ್ಕ. "ಸ್ವಂತ ಮನೆಗೆ ಇದೇ ಮೊದಲು ಹೋಗ್ಬೇಕು ಕಣೇ. ಹಾಲು ಉಕ್ಕಿಸೋಕೂ ಮುಂಚೆ."

ಟೆಂಪೋದವರ ಕೈಗೆ ಕೊಟ್ಟರೆ ಎತ್ತಿ ಹಾಕಿ ಅಂಚು ಮುಕ್ಕು ಮಾಡುತ್ತಾರೆ ಎಂಬ ಭಯ ಅವಳಿಗೆ. ನಾನು ತರುತ್ತೇನೆ ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಸರಿ. ನಿನ್ನ ಸೋಪಿನ ಡಬ್ಬೀಲೇ ಬರ್ತೀವಿ, ನಾನೂ ಅದೂ" ಎಂದಳು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಆಮೇಲೆ ಅವಳು ಹೇಳಿದ್ದು ಯಾವುದೂ ಸರಿಯಾಗಿ ಕಿವಿಗೆ ಬೀಳಲಿಲ್ಲ.

ಟ್ರೇಲರ್ ತುಂಬುವುದಕ್ಕೆ ಒಂದು ನಿಯಮವಿದೆ. ಭಾರದ ಸಾಮಾನು ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೇ ಕೂರಬೇಕು. ಹಿಂದೆ ಭಾರವಾದರೆ ಟ್ರೇಲರ್ ಕಾರಿನ ಬಾಲ ಎತ್ತಿ ಅಲ್ಲಾಡಿಸುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಬೆಳಿಗ್ಗೆ ಹಾಸಿಗೆ ಸುರುಳಿ, ದಿಂಬು, ಪಾತ್ರೆ ಟ್ರಂಕು ಎಲ್ಲವನ್ನೂ ಮುಂದೆ ಜೋಡಿಸಿ, ಒರಳನ್ನು ತೀರಾ ಹಿಂದೆ, ಬಾಗಿಲಿಗೆ ತಾಗಿಸಿ ಇರಿಸಿದೆ. ಮೊದಲು ಒಳಗೆ ಹೋಗಬೇಕಾದದ್ದು ಮೊದಲು ಇಳಿಯಬೇಕು, ಮೊದಲು ಇಳಿಯಬೇಕಾದದ್ದು ಕೊನೆಗೆ ಏರಬೇಕು. ಶಾಸ್ತ್ರಕ್ಕೆ ಸರಿಯಾಯಿತು. ದಾರಿ ಇರುವುದು ಎಂಟು ಹತ್ತು ಕಿಲೋಮೀಟರು, ಓಡಿಸುವವಳು ನಾನು, ಏನಾದೀತು ಅಂದುಕೊಂಡೆ.

ಒರಳಿನ ಗುಂಡುಕಲ್ಲನ್ನು ಅಕ್ಕ ಟ್ರೇಲರಿಗೆ ಹಾಕಗೊಡಲಿಲ್ಲ. ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ತನಗೂ ಅದಕ್ಕೂ ಸೇರಿಸಿ ಬೆಲ್ಟ್ ಹಾಕಿಕೊಂಡಳು.

"ನಿನ್ನ ತೊಟ್ಟಿಲ ಶಾಸ್ತ್ರದ ದಿನ ನಿನಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿದ್ದು ಇದನ್ನೇ," ಎಂದಳು. "ಕುಲಾವಿ ಹಾಕಿ, ಕಾಡಿಗೆ ಹಚ್ಚಿ ತೂಗಿದ್ವಿ. ಇದನ್ನ ತೆಗೆದು ನಿನ್ನ ಮಲಗಿಸೋವರೆಗೂ ನೀನು ಊರು ಒಂದಾಗೋ ಹಾಗೆ ಅತ್ತೆ. ಆವತ್ತಿಂದಾನೂ ನಿನಗೆ ನೀನೇ ಮೊದಲಾಗ್ಬೇಕು."

ವಿಜಯನಗರ, ಅತ್ತಿಗುಪ್ಪೆ ದಾಟಿ ಮೈಸೂರು ರಸ್ತೆಗೆ ಬಂದೆವು. ಟಾಪು ಇಳಿಸಿದ್ದೆ. ಸಿಗ್ನಲ್ಲಿನಲ್ಲಿ ಬೈಕಿನವರು ತಿರುಗಿ ನೋಡುತ್ತಿದ್ದರು, ಅಕ್ಕ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಹತ್ತೂಕಾಲರೊಳಗೆ ಗೃಹಪ್ರವೇಶ ಆಗಬೇಕು. ಭಾವ ಆಗಲೇ ಪುರೋಹಿತರ ಜೊತೆ ಹೊಸ ಮನೆ ಬಾಗಿಲಲ್ಲಿದ್ದರು. ಗಂಟೆ ಒಂಬತ್ತೂವರೆ ಕೂಡ ಆಗಿರಲಿಲ್ಲ.

ನಾಯಂಡಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಅಕ್ಕನಿಗೆ ಎಂಜಿನ್ನಿನ ದನಿ ಕೇಳಿಸೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಒಂದು ಇಳಿಜಾರು. ಪಕ್ಕದಲ್ಲೊಂದು ಬಸ್ಸು ಭರ್ರನೆ ಹಾದುಹೋಯಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಕಾರಿನ ಹಿಂಭಾಗ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬ್ರೇಕ್ ಒತ್ತಿದರೆ ಕಥೆ ಮುಗಿಯಿತು. ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು ಕಾದೆ. ಅಕ್ಕ ಕಿರುಚಲಿಲ್ಲ, ಗುಂಡುಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ವೇಗ ಇಳಿದಂತೆ ಬಾಲ ತಣ್ಣಗಾಯಿತು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ.

ಎಂಜಿನ್ ಆರಿಸಿ ಅಕ್ಕನ ಕಡೆ ತಿರುಗಿದೆ.

"ತಪ್ಪು ನಂದೇ ಅಕ್ಕಾ. ಭಾರ ಹಿಂದೆ ಹಾಕಬಾರದಿತ್ತು."

"ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಅದಕ್ಕಿಂತ ಕಷ್ಟದ ಮಾತು ನಾನು ಈಚೆಗೆ ಆಡಿಲ್ಲ. ಹೀಗೇ ನಿಧಾನಕ್ಕೆ ಹೋಗಿಬಿಡೋಣವೇ ಎಂಬ ಆಸೆಯೂ ಒಂದು ಕ್ಷಣ ಬಂತು. ಆದರೆ ಪಕ್ಕದಲ್ಲಿ ಕೂತಿರುವುದು ನನ್ನ ಅಕ್ಕ. "ಎಲ್ಲ ಇಳಿಸಿ ಒರಳನ್ನ ಮುಂದಕ್ಕೆ ಹಾಕ್ತೀನಿ," ಎಂದೆ. "ಇಲ್ಲೇ ಅರ್ಧ ಗಂಟೆ ಹೋಗತ್ತೆ. ಅಲ್ಲಿ ಅದು ಎಲ್ಲದರ ಅಡಿಯಿಂದ ಬರ್ಬೇಕು. ಹತ್ತೂಕಾಲರೊಳಗೆ ಅದು ಒಳಗೆ ಹೋಗೋದು ಡೌಟು."

ಅಕ್ಕ ಕೂಲಿಂಗ್ ಗ್ಲಾಸ್ ತೆಗೆದಳು. "ಸರಿ ಮಾಡು," ಎಂದಳು, ಅಷ್ಟೇ. ಕಾರಿನಿಂದ ಇಳಿಯಲಿಲ್ಲ.

ಒಬ್ಬ ಆಟೋದವರು ತಾವಾಗಿಯೇ ನಿಲ್ಲಿಸಿ ಬಂದರು. "ಏನ್ ಮೇಡಂ, ಇಷ್ಟು ಚಂದದ ಗಾಡಿಗೆ ಒರಳು ಕಟ್ಟಿದೀರಾ?" ಎಂದು ನಕ್ಕು ತೋಳು ಮಡಚಿದರು. ಇಬ್ಬರೂ ಸೇರಿ ಟ್ರಂಕು, ಹಾಸಿಗೆಗಳನ್ನು ಮೈಸೂರು ರಸ್ತೆಯ ಅಂಚಿಗೆ ಇಳಿಸಿದೆವು. ಒರಳನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಉರುಳಿಸಿ, ಅಲುಗದಂತೆ ಸುತ್ತ ದಿಂಬು ತುರುಕಿ, ಉಳಿದದ್ದನ್ನು ಹಿಂದೆಯೂ ಮೇಲೆಯೂ ಪೇರಿಸಿ ಹಗ್ಗ ಬಿಗಿದೆವು. ಮತ್ತೆ ಹೊರಟಾಗ ಟ್ರೇಲರ್ ಅಲುಗಾಡದೆ ಹಿಂದೆ ಬಂತು. ಕಾರು ಸರಿಯಾಯಿತು, ನಾನು ಸರಿಯಾಗಲಿಲ್ಲ. ಅಷ್ಟು ವರ್ಷ ಕಾದು ಅಕ್ಕ ಕೇಳಿದ್ದು ಒಂದೇ ಒಂದು, ಅದನ್ನೂ ನನ್ನ ಜಂಬಕ್ಕೆ ಕಳೆದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಮನೆ ಮುಂದೆ ನಿಲ್ಲಿಸಿದಾಗ ಹತ್ತೂ ಹತ್ತು. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಭಾವ, "ಒರಳು ಎಲ್ಲಿ?" ಎಂದರು. ನಾನು ಟ್ರೇಲರಿಗೆ ಓಡಿದೆ. ನಾನೇ ಬಿಗಿದ ಗಂಟು ನನ್ನ ಕೈಗೇ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ.

ಆಗ ಕಾರಿನ ಬಾಗಿಲು ತೆರೆದ ಸದ್ದಾಯಿತು. ಅಕ್ಕ ಇಳಿದು, ಚಪ್ಪಲಿ ಬಿಟ್ಟು, ಗುಂಡುಕಲ್ಲನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಪಕ್ಕದಿಂದಲೇ ಹಾದುಹೋದಳು. ಹೊಸಿಲ ಮುಂದೆ ಒಂದು ಕ್ಷಣ ನಿಂತಳು. ಬಲಗಾಲಿಟ್ಟು ಒಳಗೆ ಹೋದಳು. ಕಲ್ಲನ್ನು ಅಡುಗೆಮನೆಯ ನೆಲದ ಮೇಲಿಟ್ಟ ಸದ್ದು ಬೀದಿಗೆ ಕೇಳಿಸಿತು. ಈ ಸಲ ಅವಳು ಗೋಣಿಚೀಲ ಹಾಸಿರಲಿಲ್ಲ.

ನಾನು ಹಗ್ಗ ಹಿಡಿದು ನಿಂತೇ ಇದ್ದೆ. ಅವಳು ಬಾಗಿಲಿಗೆ ಬಂದಳು.

"ಗುಂಡು ಹೋದ್ರೆ ಒರಳು ಹೋದ ಹಾಗೇನೇ," ಎಂದಳು. "ಅದಕ್ಕೇ ಮಡಿಲಲ್ಲಿ ಇಟ್ಕೊಂಡಿದ್ದು. ಒಳಗೆ ಮೊದಲು ಹೋಗ್ಲಿ ಅಂದೆ, ಹೇಗೆ ಅಂತ ನೀನು ಕೇಳಿದ್ಯಾ?"

"ರಸ್ತೇಲೇ ಹೇಳಬಾರದಿತ್ತಾ ಅಕ್ಕಾ?"

"ಹೇಳಿದ್ರೆ ನೀನು ಮತ್ತೆ ಜೋರಾಗಿ ಓಡಿಸ್ತಿದ್ದೆ."

ಭಾವ ನಕ್ಕರು, ಪುರೋಹಿತರೂ ನಕ್ಕರು. ನನಗೆ ನಗುವೂ ಬಂತು, ಅಳುವೂ ಬಂತು. ಅಕ್ಕ ನನ್ನ ಕಡೆ ಕೈ ಚಾಚಿದಳು.

"ಹಗ್ಗ ಬಿಡು. ಬಾ ಒಳಗೆ."

ಚಪ್ಪಲಿ ಬಿಟ್ಟು ಬಲಗಾಲಿಟ್ಟು ಹೋದೆ. ತೊಟ್ಟಿಲಲ್ಲಿ ಆದ ಹಾಗೇ, ಗುಂಡುಕಲ್ಲು ಮೊದಲು, ಆಮೇಲೆ ನಾನು. ಈ ಸಲ ಜಾಗಕ್ಕಾಗಿ ಅಳಲಿಲ್ಲ.