ತೊಟ್ಟಿಲ ಮೇಲೆ ತೂಗಿದ ಕ್ಯಾಮೆರಾ

ನನ್ನ ಗಂಡನಿಗೆ ಒಂದು ಕೆಟ್ಟ ಚಾಳಿಯಿದೆ. ದೋಟಿ ಕೈಗೆ ಬಂತೆಂದರೆ ಜಗ್ಗದೆ ಇರುವುದಿಲ್ಲ. ಶೃಂಗೇರಿ ಕಡೆ, ಬೇಗಾರಿನ ತೋಟಗಳಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವುದು ಅವರ ಕೆಲಸ. ಈಗ ಮರ ಹತ್ತುವುದು ಕಡಿಮೆ. ನೆಲದ ಮೇಲೆ ನಿಂತು, ಒಂದರೊಳಗೊಂದು ಸೇರುವ ಉದ್ದದ ಕಾರ್ಬನ್ ಫೈಬರ್ ದೋಟಿ ಎತ್ತಿ, ತುದಿಯ ಕತ್ತಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಿ, ಮಣಿಕಟ್ಟು ತಿರುವಿ ಒಂದು ಜಗ್ಗು ಜಗ್ಗುತ್ತಾರೆ. ಕತ್ತಿ ಸರಿಯಾಗಿ ಕೂತಿದೆಯೋ ಇಲ್ಲವೋ ಕೈಗೆ ಗೊತ್ತಾಗಬೇಕಲ್ಲ, ಅದಕ್ಕೆ. ಅವರದ್ದೇನೂ ತಪ್ಪಿಲ್ಲ ಎನ್ನುವಷ್ಟು ಒಳ್ಳೆಯ ಹೆಂಡತಿ ನಾನಲ್ಲ. ಆದರೆ ಕೈಗೆ ಅಂಟಿದ ಅಭ್ಯಾಸ, ಏನು ಮಾಡುವುದು?

ನಾನು ಕೊಪ್ಪದಲ್ಲಿ ಮದುವೆ, ಮುಂಜಿ, ನಾಮಕರಣಗಳ ವಿಡಿಯೋ ಮಾಡುತ್ತೇನೆ. ಎಲ್ಲರಿಗೂ ಈಗ ಮೇಲಿನಿಂದ ತೆಗೆದದ್ದೇ ಬೇಕು. ಡ್ರೋನ್ ಒಳಗೆ ಹಾರಿಸಿದರೆ ದೀಪವೆಲ್ಲ ಆರಿಹೋಗುತ್ತದೆ. ಹಾಗಾಗಿ ನಮ್ಮ ಮನೆಯ ದೋಟಿಯೇ ನನ್ನ ಕ್ಯಾಮೆರಾ ಕೋಲಾಯಿತು, ಅದನ್ನು ಎತ್ತಿ ಹಿಡಿಯುವುದು ಇವರೇ. ಕತ್ತಿ ಕೂರುವ ಜಾಗಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಮಾಡಿಸಿದೆ, ಅದಕ್ಕೊಂದು ಸ್ಕ್ರೂ. ನನ್ನದು ಅಂಗೈಯಗಲದ ಕ್ಯಾಮೆರಾ, ಪಟ್ಟಿ ಅದಕ್ಕಿಂತ ಅಗಲ. ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟು ನಾಣ್ಯದಿಂದ ತಿರುಗಿಸಿ ಬಿಗಿಯುತ್ತೇನೆ. ಕ್ಯಾಮೆರಾ ಕೆಳಗೆ ಮುಖ ಮಾಡಿ ನೇತಾಡುವುದರಿಂದ ಭಾರವೆಲ್ಲ ಆ ಒಂದು ಸ್ಕ್ರೂ ಮೇಲೆ. ನನಗೆ ಅದರ ಮೇಲೆ ಯಾವತ್ತೂ ನಂಬಿಕೆ ಬರಲಿಲ್ಲ. ಅದಕ್ಕೇ ಕೊನೆಗೊಂದು ಹಸಿರು ನೈಲಾನ್ ಹುರಿಯನ್ನು ಕ್ಯಾಮೆರಾದ ಕೊಂಡಿಯೊಳಗೆ ತೂರಿಸಿ ದೋಟಿಗೆ ಸುತ್ತಿ ಕಟ್ಟುತ್ತೇನೆ. ಸ್ಕ್ರೂ ಕೈಕೊಟ್ಟರೂ ಹುರಿ ಹಿಡಿದುಕೊಳ್ಳುತ್ತದೆ.

ಆ ದಿನ ನರಸಿಂಹರಾಜಪುರದಲ್ಲಿ ನನ್ನ ತಂಗಿಯ ಮಗಳ ನಾಮಕರಣ. ಸಣ್ಣದೊಂದು ಬಾಡಿಗೆ ಹಾಲ್. ಸ್ಕ್ರೂ ಬಿಗಿದು, ಹುರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ತಂಗಿ ಒಳಗಿಂದ ಕರೆದಳು, ಸೀರೆ ಸೆರಗು ನಿಲ್ಲುತ್ತಿಲ್ಲವಂತೆ. ಹುರಿಯನ್ನು ಮೇಜಿನ ಮೇಲಿಟ್ಟು ಹೋದೆ. ತಿರುಗಿ ಬಂದಾಗ ಮೇಜು ಖಾಲಿ. ಇವರು ದೋಟಿ ಎತ್ತಿ ಹಿಡಿದು ತಯಾರಾಗಿ ನಿಂತಿದ್ದರು. ಓ, ಕಟ್ಟಿಕೊಂಡಿದ್ದಾರೆ, ಇವತ್ತಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಮಾತಾಗುತ್ತಿತ್ತು.

ಹೆಂಗಸರು ಹಾಡು ಶುರುಮಾಡಿದರು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು. ಕ್ಯಾಮೆರಾ ಕಂಡದ್ದು ನನ್ನ ಫೋನಿನಲ್ಲೂ ಕಾಣುತ್ತದೆ. ನಾನು ಗೋಡೆಗೊರಗಿ ಅದನ್ನೇ ನೋಡುತ್ತಿದ್ದೆ. ಎಷ್ಟು ಚೆಂದದ ಚಿತ್ರ. ಕೂದಲಿಲ್ಲದ ಪುಟ್ಟ ತಲೆ, ಆ ಎಳೇ ನೆತ್ತಿ ಮಿಡಿಯುವುದೂ ಕಾಣುತ್ತಿತ್ತು. ತೊಟ್ಟಿಲಿನ ಕೋಲಿಗೆ ಮಲ್ಲಿಗೆ ಮಾಲೆ, ಅದರ ನಡುವೆ ಒಂದು ಮರದ ಗಿಳಿ. ಗಿಳಿಯನ್ನು ಕಟ್ಟಿದ್ದ ಹುರಿ ಹಸಿರು ಬಣ್ಣದ್ದು.

ನನ್ನ ಹುರಿ. ಮೇಜಿನ ಮೇಲೆ ಬಿದ್ದಿದೆ, ಯಾರದ್ದೂ ಅಲ್ಲ ಎಂದುಕೊಂಡು ತಂಗಿಯ ಅತ್ತೆ ಗಿಳಿ ಕಟ್ಟಲು ತೆಗೆದುಕೊಂಡಿರಬೇಕು. ಆ ಮಗುವಿನ ನೆತ್ತಿಯ ಮೇಲೆ ಈಗ ಇರುವುದು ಒಂದೇ ಸ್ಕ್ರೂ, ಒಂದು ಟ್ಯೂಬಿನ ತುಂಡು.

ಅಷ್ಟರಲ್ಲಿ ಫೋನಿನಲ್ಲಿ ತೊಟ್ಟಿಲು ಒಂದು ಕಡೆಗೆ ವಾಲಿತು. ಯಾರೋ ತೂಗಿರಬೇಕೆಂದು ತಲೆಯೆತ್ತಿ ನೋಡಿದರೆ ತೊಟ್ಟಿಲು ನೆಟ್ಟಗೆ ನಿಂತಿದೆ. ತಿರುಗುತ್ತಿರುವುದು ಕ್ಯಾಮೆರಾ. ಇವರು ಆಗಲೇ ಒಂದೆರಡು ಸಲ ಮಣಿಕಟ್ಟು ತಿರುವಿ ಜಗ್ಗಿಯಾಗಿದೆ, ಸ್ಕ್ರೂ ಸಡಿಲವಾಗುತ್ತಾ ಬಂದಿದೆ.

ಕೂಗಬೇಕೆಂದು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ಹೊರಡದಿದ್ದದ್ದೇ ಒಳ್ಳೆಯದಾಯಿತು. ತೋಟದಲ್ಲಿ ಯಾರಾದರೂ ಕೂಗಿದರೆ ಇವರು ‘ಎಂತ?’ ಎನ್ನುತ್ತಾ ಮೊದಲು ದೋಟಿ ಜಗ್ಗುತ್ತಾರೆ, ಆಮೇಲೆ ತಿರುಗಿ ನೋಡುತ್ತಾರೆ. ಹೆಂಗಸರನ್ನು ನೂಕಿಕೊಂಡು ಹೋಗಿ, ತೊಟ್ಟಿಲಿನ ಎರಡೂ ಅಂಚು ಹಿಡಿದು, ಮಗುವಿನ ಮೇಲೆ ಬಗ್ಗಿ ನಿಂತುಬಿಟ್ಟೆ.

ಮಗುವಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ತಂಗಿಯ ಅತ್ತೆ, “ಎಂತ ಮಾರಾಯ್ತಿ, ಹೆಸರಿಡೋ ಹೊತ್ತಲ್ಲಿ ಹಿಂಗೆ ಅಡ್ಡ ಬರೋದಾ?” ಎಂದರು. ನಾನು ಕದಲಲಿಲ್ಲ. ಬೆನ್ನಿನ ಚರ್ಮ ಪೂರ್ತಿ ಕಿವಿಯಾಗಿತ್ತು. ಮಗು ನನ್ನನ್ನೇ ನೋಡುತ್ತಾ ತುಟಿ ಚೀಪುತ್ತಿತ್ತು, ಅದರ ಉಸಿರು ನನ್ನ ಗಲ್ಲಕ್ಕೆ ತಾಗುತ್ತಿತ್ತು. ಕತ್ತು ಹೊರಳಿಸಿ ಗಂಡನನ್ನು ನೋಡಿದೆ. ಅವರು ನನ್ನನ್ನು ನೋಡಿ, ಮೇಲೆ ಕ್ಯಾಮೆರಾ ನೋಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ ದೋಟಿಯನ್ನು ತುಂಬಿದ ಕೊಡದಂತೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಬಾಗಿಲ ಕಡೆ ಹೋದರು.

ಜಗಲಿಯಲ್ಲಿ ದೋಟಿ ಇಳಿಸಲು ಹೊರಟಾಗ ಧಡ್ ಎಂದು ಸದ್ದಾಯಿತು. ಕ್ಯಾಮೆರಾ ಸಿಮೆಂಟಿನ ಮೇಲೆ ಬಿದ್ದಿತ್ತು. ಎಲ್ಲರೂ ಅತ್ತ ತಿರುಗಿದರು.

“ಅಯ್ಯೋ ಪಾಪ, ದುಬಾರಿ ಸಾಮಾನು. ಒಡೀಲಿಲ್ಲ ಅಲ್ದನಾ?” ಎಂದರು ತಂಗಿಯ ಅತ್ತೆ.

“ಇಲ್ಲ,” ಎಂದೆ. ಗಾಜು ಚೂರಾಗಿದ್ದನ್ನು ಆಗಲೇ ನೋಡಿದ್ದೆ.

ಹೊರಡುವಾಗ ಇವರು ಸ್ಕೂಟರಿನ ಕೀ ನನ್ನ ಕೈಗೆ ಕೊಟ್ಟು, “ನೀನೇ ಓಡ್ಸು,” ಎಂದರು. ಹಾಗೆ ಯಾವತ್ತೂ ಹೇಳಿದವರಲ್ಲ. ನಾನೂ ಹುರಿಯ ಮಾತು ಎತ್ತಲಿಲ್ಲ. ಕೊಪ್ಪದ ರಸ್ತೆಯಲ್ಲಿ ಎಷ್ಟೋ ದೂರ ಬಂದ ಮೇಲೆ ಹಿಂದಿನಿಂದ ಅವರ ಮಾತು ಕೇಳಿಸಿತು.

“ಕೈ ಬಿಗಿದಾಗಿತ್ತು. ಇನ್ನೊಂಚೂರು ಮುಂದೆ ತರಾಣ ಅಂತ ಜಗ್ಗೋದ್ರಲ್ಲಿದ್ದೆ. ಅಷ್ಟೊತ್ತಿಗೆ ನೀನು ಬಗ್ಗಿದ್ದು ಕಾಣ್ತು.”

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ವಿಡಿಯೋ ಕಳಿಸಿದ ಮೇಲೆ ತಂಗಿಯ ಫೋನ್ ಬಂತು. “ಅಕ್ಕ, ಹೆಸರು ಹೇಳೋ ಹೊತ್ತಿಗೆ ನಿನ್ನ ಬೆನ್ನು ಬಿಟ್ಟು ಎಂತದೂ ಕಾಣೂದಿಲ್ಲ. ಬೇರೆಯವ್ರ ಮನೇಲಿ ಹಿಂಗೆ ಮಾಡ್ತೀಯಾ ನೀನು?” ಅವಳಿಗೆ ಅಳುವೇ ಬಂದಿತ್ತು. “ಪುಟ್ಟಿಯನ್ನ ಹತ್ತಿರದಿಂದ ನೋಡೋ ಆಸೆಯಾಯ್ತು, ಗೊತ್ತಾಗ್ಲಿಲ್ಲ,” ಎಂದೆ. ಇವತ್ತಿಗೂ ಅವಳು ಅದನ್ನು ಮರೆತಿಲ್ಲ, ಹೋದಾಗಲೆಲ್ಲ ಒಮ್ಮೆ ಬೈಯುತ್ತಾಳೆ. ಆ ಪುಟ್ಟಿ ಈಗ ನನ್ನ ತೊಡೆಯೇರಿ ಕೂತು, “ದೊಡ್ಡಮ್ಮ, ನಿನ್ನ ಬೆನ್ನಿನ ವಿಡಿಯೋ ಹಾಕು,” ಎನ್ನುತ್ತಾಳೆ. ಹಾಕುತ್ತೇನೆ. ತೊಟ್ಟಿಲು ವಾಲಲು ಶುರುವಾಗುತ್ತಿದ್ದಂತೆ ನನ್ನ ಕೈ ತಾನಾಗಿ ಅವಳ ನೆತ್ತಿ ಮುಚ್ಚುತ್ತದೆ. ಜಡೆ ಹಾಳಾಯಿತೆಂದು ಅವಳು ಕೈ ತಳ್ಳುತ್ತಾಳೆ.